ರೇಮಂಡನ ಕುತ್ತಿಗೆ ಮತ್ತು ಹತ್ತಾದ ಪೈನ್ ಕಾಡು

ರೇಮಂಡ್ ಪಿಂಟೋನ ಮೈಯಲ್ಲಿ ದೇವರು ಎಲ್ಲವನ್ನೂ ಸರಿಯಾಗಿಯೇ ಜೋಡಿಸಿದ್ದ, ಕುತ್ತಿಗೆಯೊಂದನ್ನು ಬಿಟ್ಟು. ಅದು ಸ್ವಲ್ಪ ಸಡಿಲ. ಯಾರು ಏನು ಕೇಳಿದರೂ ಅದು ತನ್ನಷ್ಟಕ್ಕೆ ಮೇಲೆ ಕೆಳಗೆ ಆಡಿಬಿಡುತ್ತಿತ್ತು. "ರೇಮಂಡ್, ನಮ್ಮ ಅತ್ತೆಯನ್ನು ಏರ್‌ಪೋರ್ಟಿಗೆ ಬಿಡ್ತೀಯಲ್ಲ?" ಆಡಿತು. "ರೇಮಂಡ್, ಊರಿಗೆ ಹೋಗುವಾಗ ಒಂದು ಸಣ್ಣ ಪಾರ್ಸೆಲ್ ತಗೊಂಡು ಹೋಗ್ತೀಯಲ್ಲ?" ಆಡಿತು. ಸಣ್ಣ ಪಾರ್ಸೆಲ್ ಎಂದರೆ ಒಮ್ಮೆ ಮಿಕ್ಸಿ, ಇನ್ನೊಮ್ಮೆ ಗಾಲಿಕುರ್ಚಿ. ಬಾಯಿ 'ಆಗುವುದಿಲ್ಲ' ಎನ್ನಲು ತಯಾರಾಗುವಷ್ಟರಲ್ಲಿ ಕುತ್ತಿಗೆ ಒಪ್ಪಿಕೊಂಡು ಮುಗಿಸಿರುತ್ತಿತ್ತು. ಹೆಂಡತಿ ಸುಸನ್ ಆಸ್ಪತ್ರೆಯಲ್ಲಿ ನರ್ಸ್. "ನಿಮ್ಮ ಕುತ್ತಿಗೆಗೆ ಒಂದು ಪಟ್ಟಿ ಹಾಕಿಸಬೇಕು ನೋಡಿ," ಎಂದು ಅವಳು ಆಗಾಗ ಹೇಳುತ್ತಿದ್ದಳು. ಅದಕ್ಕೂ ಆತ ತಲೆಯಾಡಿಸುತ್ತಿದ್ದ.

ಆತನ ಕೆಲಸ ದುಬೈಯ ಅಲ್ ಕೂಜ್‌ನ ಒಂದು ಕಂಪನಿಯ ಸ್ಟೋರಿನಲ್ಲಿ. ಮಾಲ್‌ಗಳಿಗೆ ಬೇಕಾದ ಅಲಂಕಾರವನ್ನೆಲ್ಲ ಮಾಡಿಕೊಡುವ ಕಂಪನಿ ಅದು. ಈದ್ ಬಂದರೆ ಚಂದ್ರ, ದೀಪಾವಳಿ ಬಂದರೆ ನವಿಲು, ಬೇಸಿಗೆಯಲ್ಲಿ ಡೈನೋಸಾರ್. ಆ ಡಿಸೆಂಬರಿನಲ್ಲಿ ಹತ್ತಾ ಎಂಬ ಬೆಟ್ಟದೂರಿಗೆ ಹೋಗುವ ರಸ್ತೆಯ ಒಂದು ಹೊಸ ಮಾಲ್‌ನವರು ಬೆಟ್ಟದ ಪೈನ್ ಕಾಡು ಕೇಳಿದ್ದರು. ಕಾಡಿನ ನಡುವೆ ಒಂದು ನದಿ, ನದಿಯ ದಂಡೆಯಲ್ಲಿ ಟೆಂಟು, ಟೆಂಟಿನ ಮುಂದೆ ಬೆಂಕಿ, ಬೆಂಕಿಯ ಸುತ್ತ ಅಪ್ಪ, ಅಮ್ಮ, ಮಗಳು. ಎಲ್ಲವೂ ಪ್ಲಾಸ್ಟಿಕ್. ನದಿಗೆ ಪಂಪು, ಬೆಂಕಿಗೆ ಬಲ್ಬು.

ರೇಮಂಡನ ಮಗಳು ಅಲಿಶಾಗೆ ಎಂಟು ವರ್ಷ. ಅವಳ ಕ್ಲಾಸಿನಲ್ಲಿ ಯಾರೋ ಜಾರ್ಜಿಯಾಕ್ಕೆ ಹೋಗಿ ಬಂದಿದ್ದರು, ಇನ್ಯಾರೋ ಸ್ವಿಟ್ಜರ್ಲೆಂಡಿಗೆ. ಅಲ್ಲಿ ಕಾಡಿನಲ್ಲಿ, ನದಿಯ ಪಕ್ಕ, ಟೆಂಟಿನಲ್ಲಿ ಮಲಗಿದ್ದರಂತೆ. ಅಲಿಶಾ ಕೇಳಿದ್ದು ಒಂದೇ, ಒಂದು ರಾತ್ರಿ ಟೆಂಟು. ರೇಮಂಡ್ ಕೂಡಲೇ ಟೆಂಟು ತಂದಿದ್ದ. ಆದರೆ ಪ್ರತಿ ಸಲ ಹೊರಡುವ ಹೊತ್ತಿಗೆ ಯಾರಾದರೊಬ್ಬರು ಏನಾದರೊಂದು ಕೇಳುತ್ತಿದ್ದರು, ಕುತ್ತಿಗೆ ಆಡುತ್ತಿತ್ತು, ಟೆಂಟು ಕಾರಿನ ಡಿಕ್ಕಿಯಲ್ಲೇ ಉಳಿಯುತ್ತಿತ್ತು. ಅದರ ಪ್ಯಾಕೆಟ್ ಕೂಡ ಒಡೆದಿರಲಿಲ್ಲ.

ಉದ್ಘಾಟನೆಗೆ ಒಂದು ವಾರ ಇರುವಾಗ, ಒಂದು ಶುಕ್ರವಾರ, ಹೀಗೇ ಆಯಿತು. ಮ್ಯಾನೇಜರ್ ಥಾಮಸ್ ಸಾರ್ ಫೋನು ಮಾಡಿ, "ಸಂಜೆ ನದಿ ಬಿಟ್ಟು ನೋಡಬೇಕು, ಸ್ಟೋರಿಗೆ ಬರ್ತೀಯಲ್ಲ?" ಎಂದರು. ಟೆಂಟು ಕಟ್ಟುತ್ತೇವೆಂದು ಬೆಳಿಗ್ಗೆಯಿಂದ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೂತಿದ್ದ ಮಗಳ ಮುಖ ನೋಡಲಾಗದೆ ರೇಮಂಡ್ ಒಂದು ತಪ್ಪು ಕೆಲಸ ಮಾಡಿದ. ಅವಳನ್ನೂ ಸುಸನ್‌ಳನ್ನೂ ಕಾರಿನಲ್ಲಿ ಕೂರಿಸಿಕೊಂಡು, ಕಾಡನ್ನು ಪರೀಕ್ಷೆಗೆ ಜೋಡಿಸಿಟ್ಟಿದ್ದ ಸ್ಟೋರಿಗೇ ಕರೆದುಕೊಂಡು ಹೋದ. ಉದ್ಘಾಟನೆಗೆ ಮೊದಲು ಹೊರಗಿನವರು ಆ ಕಾಡನ್ನು ಕಣ್ಣಿನಿಂದ ನೋಡಬಾರದು, ಒಂದು ಫೋಟೋ ಹೊರಗೆ ಹೋದರೂ ಮರುದಿನವೇ ವೀಸಾ ಕ್ಯಾನ್ಸಲ್ ಎಂದು ಥಾಮಸ್ ಸಾರ್ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು. ಆವತ್ತು ಅದಕ್ಕೂ ತಲೆಯಾಡಿಸಿದವನು ಇದೇ ರೇಮಂಡ್.

ಪಂಪು ಹಾಕಿದಾಗ ನದಿ ಹರಿಯಿತು. ಅಲಿಶಾ ಮರವನ್ನು ಮುಟ್ಟಿ ನೋಡಿದಳು. ಎಲೆಯನ್ನು ಮೂಸಿದಳು. "ಡ್ಯಾಡಾ, ಇಟ್ಸ್ ಪ್ಲಾಸ್ಟಿಕ್," ಎಂದಳು. ಬೇಸರದಿಂದಲ್ಲ, ಅಪ್ಪನಿಗೆ ಗೊತ್ತಿಲ್ಲವೇನೋ ಎಂಬಂತೆ ಮೆಲ್ಲಗೆ. ಆಮೇಲೆ ಕೇಳಿದಳು: "ನೆಕ್ಸ್ಟ್ ಫ್ರೈಡೇ, ರಿಯಲ್ ಒನ್?"

ರೇಮಂಡ್ ತಲೆಯಾಡಿಸಿದ. ಜೀವಮಾನದಲ್ಲಿ ಆ ಒಂದು ಸಲ ಕುತ್ತಿಗೆಗಿಂತ ಮೊದಲು ಅವನ ಮನಸ್ಸು ಆಡಿತ್ತು.

ಇಷ್ಟಕ್ಕೇ ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಸುಸನ್‌ಳ ಅಕ್ಕ ಮೆಲಿಸ್ಸಾ ಕೆನಡಾದಲ್ಲಿದ್ದಾಳೆ. ವಾರಕ್ಕೊಂದು ಕಾಡು, ವಾರಕ್ಕೊಂದು ಸರೋವರ, ಎಲ್ಲದರ ಫೋಟೋ ತಂಗಿಗೆ ಬರುತ್ತಿತ್ತು. ತಂಗಿಗೂ ಹೊಟ್ಟೆ ಉರಿಯುವುದಿಲ್ಲವೇ? ಸ್ಟೋರಿನಲ್ಲಿ ಟೆಂಟಿನ ಮುಂದೆ ಮೂವರೂ ನಿಂತು ತೆಗೆದ ಒಂದೇ ಒಂದು ಫೋಟೋವನ್ನು ಅವಳು ಮುಂದಿನ ಗುರುವಾರ ರಾತ್ರಿ ಅಕ್ಕನಿಗೆ ಮಾತ್ರ ಕಳಿಸಿದಳು. ಅಕ್ಕನೋ ಸಂತೋಷ ತಡೆಯಲಾರದೆ ಅದನ್ನು ಫೇಸ್‌ಬುಕ್‌ಗೆ ಹಾಕಿದಳು. 'ನನ್ನ ತಂಗಿಯ ಸಂಸಾರ, ದುಬೈಯ ಪೈನ್ ಕಾಡಿನಲ್ಲಿ, ನದಿಯ ದಂಡೆಯಲ್ಲಿ' ಎಂದು ಬರೆದು ಮಲಗಿಬಿಟ್ಟಳು.

ಮೆಲಿಸ್ಸಾ ಮಲಗಿದ ಹೊತ್ತಿಗೆ, ರೇಮಂಡನ ಕಟ್ಟಡವಿದ್ದ ಮಿರ್ದಿಫ್‌ನಲ್ಲಿ ಶುಕ್ರವಾರ ಬೆಳಗಾಗುತ್ತಿತ್ತು.

ಬಿಸಿಲೇರಿದ ಮೇಲೆ ರೇಮಂಡ್, ಸುಸನ್, ಅಲಿಶಾ ಮೂವರೂ ಕಳ್ಳರ ಹಾಗೆ ಮೆಟ್ಟಿಲಿಳಿದು ಪಾರ್ಕಿಂಗಿಗೆ ಬಂದರು. ಯಾರಿಗೂ ಹೇಳಿರಲಿಲ್ಲ. ಹತ್ತಾ ಕಡೆಯ ಬೆಟ್ಟದಲ್ಲಿ ಒಂದು ನೀರಿನ ಹಳ್ಳ ಹುಡುಕುವುದು, ಟೆಂಟು ಕಟ್ಟುವುದು, ಒಂದು ರಾತ್ರಿ ಮಲಗುವುದು, ಅಷ್ಟೇ. ಆದರೆ ಪಾರ್ಕಿಂಗಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಚಾಪೆ, ಇದ್ದಿಲ ಚೀಲ, ಕ್ಯಾರಂ ಬೋರ್ಡು, ಕೋಳಿ ಸಾರಿನ ಒಂದು ದೊಡ್ಡ ಪಾತ್ರೆ, ಅದಕ್ಕೆ ಮುರಿದು ಹಾಕುವ ಒಣ ರೊಟ್ಟಿಯ ಕಟ್ಟುಗಳು. ಎಲ್ಲದರ ನಡುವೆ ಹಣೆಗೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ಜಯಪಾಲ ಶೆಟ್ಟರು ನಿಂತಿದ್ದರು. ಕಾರ್ಗೋ ವ್ಯವಹಾರದ ಜಯಪಾಲಣ್ಣ ಆ ಕಟ್ಟಡದ ಎಲ್ಲರಿಗೂ ಹಿರಿಯಣ್ಣ. ಯಾರ ಮನೆಯ ಸುಖದುಃಖವೂ ಅವರನ್ನು ಬಿಟ್ಟು ನಡೆಯುವಂತಿಲ್ಲ.

"ಬಾ ಮಾರಾಯ, ನಿನ್ನನ್ನು ಕರೀಲಿಕ್ಕೆ ಮೇಲೆ ಬರುವವನಿದ್ದೆ! ಪೈನ್ ಕಾಡು ಸಿಕ್ಕಿದೆ, ನದಿ ಸಿಕ್ಕಿದೆ, ನೀನು ಒಬ್ಬನೇ ಹೋಗಿ ಬರುದಾ? ನಾವೆಲ್ಲ ಎಂತ, ಸತ್ತಿದ್ದೇವಾ?"

ರೇಮಂಡ್ ಕಾರಿನ ಕೀಲಿಯನ್ನು ಬೆನ್ನ ಹಿಂದೆ ಅಡಗಿಸಿದ. ಶೆಟ್ಟರ ಹೆಂಡತಿ ಚಂದ್ರಮತಿಯಕ್ಕ ಫೋನನ್ನು ಅವನ ಮುಖಕ್ಕೇ ಹಿಡಿದರು. ಪೈನ್ ಮರಗಳು, ನದಿ, ಟೆಂಟು, ಹಲ್ಲು ಬಿಟ್ಟು ನಿಂತ ತಾನು.

"ಕಳೆದ ಶುಕ್ರವಾರದ್ದಲ್ವಾ ಇದು?" ಎಂದರು ಚಂದ್ರಮತಿಯಕ್ಕ. "ಬೆಳಿಗ್ಗೆ ನೀವು ಇಗರ್ಜಿಗೆ ಹೋದದ್ದು ನಾನು ನೋಡಿದ್ದೇನೆ. ರಾತ್ರಿ ಊಟಕ್ಕೆ ಮನೆಯಲ್ಲಿದ್ರಿ. ಹಾಗಾದ್ರೆ ಜಾಗ ದೂರ ಇಲ್ಲ. ಹತ್ತಾದ ಹತ್ತಿರವೇ ಇರ್ಬೇಕು."

"ಹತ್ತಾವೇ ಅಲ್ವಾ ರೇಮಂಡ್?" ಎಂದರು ಜಯಪಾಲಣ್ಣ.

ಕುತ್ತಿಗೆ ಆಡಿತು.

ಮೇಲಿನ ಮಹಡಿಯ ನಾರ್ಬರ್ಟ್ ಮಾಸ್ಟ್ರು ಇಂಡಿಯನ್ ಶಾಲೆಯೊಂದರಲ್ಲಿ ಭೂಗೋಳ ಕಲಿಸುವವರು. ಅವರು ಮಾತ್ರ ಕೈಕಟ್ಟಿ ನಿಂತಿದ್ದರು. "ಅಲ್ಲ ಜಯಪಾಲಣ್ಣ, ಪೈನ್ ಮರ ಬೆಳೀಲಿಕ್ಕೆ ಎತ್ತರ ಬೇಕು, ಚಳಿ ಬೇಕು, ಮಳೆ ಬೇಕು. ಹತ್ತಾದಲ್ಲಿ ಕಲ್ಲು ಬಿಟ್ರೆ ಎಂತ ಉಂಟು?"

"ಮಾಸ್ಟ್ರೇ, ನಿಮ್ಮ ಪುಸ್ತಕ ಮಡಚಿ ಇಡಿ," ಎಂದರು ಜಯಪಾಲಣ್ಣ. "ಈ ಊರಲ್ಲಿ ಮಾಲಿನ ಒಳಗೆ ಹಿಮ ಬೀಳ್ತದೆ. ಸಮುದ್ರದಲ್ಲಿ ಮಣ್ಣು ಹಾಕಿ ತಾಳೆಮರದ ಆಕಾರದ ದ್ವೀಪ ಮಾಡಿದ್ದಾರೆ. ಅಂಥವರಿಗೆ ನಾಲ್ಕು ಪೈನ್ ಮರ ಎಬ್ಬಿಸುದು ಯಾವ ಲೆಕ್ಕ? ಯಲ್ಲಾ, ಹೊರಡಿ!"

ನಿಜ ಹೇಳಬೇಕೆಂದರೆ, ಬಹಳ ವರ್ಷ ಆ ಊರಲ್ಲಿ ಇದ್ದವರಿಗೆ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬ ಅಳತೆಯೇ ತಪ್ಪಿಹೋಗಿರುತ್ತದೆ. ನಾರ್ಬರ್ಟ್ ಮಾಸ್ಟ್ರು ಕೂಡ ಗೊಣಗುತ್ತಲೇ ಚಾಪೆ ಎತ್ತಿಕೊಂಡರು.

"ನಿಜ ಹೇಳಿಬಿಡಿ," ಎಂದು ಸುಸನ್ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

"ಹೇಳಿದ್ರೆ ಜಯಪಾಲಣ್ಣನ ಬಾಯಲ್ಲಿ ಅದು ಊರೆಲ್ಲ ಸುತ್ತಿ ಮಧ್ಯಾಹ್ನಕ್ಕೆ ಥಾಮಸ್ ಸಾರ್ ಹತ್ರ ಮುಟ್ತದೆ. ವೀಸಾ ಹೋದ್ರೆ ಎಲ್ಲ ಹೋಯ್ತು. ಸಂಜೆ ಉದ್ಘಾಟನೆ ಉಂಟು. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿದ್ರೆ ಸಾಕು. ನಿನ್ನ ಅಕ್ಕನಿಗೆ ಫೋನು ಮಾಡು, ಫೋಟೋ ತೆಗೀಲಿ."

"ಮಾಡಿದೆ. ಸ್ವಿಚ್ ಆಫ್. ಮಲಗಿದ್ದಾಳೆ."

ರೇಮಂಡ್ ತನ್ನ ಫೋನನ್ನೂ ಆಫ್ ಮಾಡಿ ಜೇಬಿಗೆ ಹಾಕಿದ. ಅದಕ್ಕೆ ಬೇರೆಯೇ ಕಾರಣವಿತ್ತು. ಹಿಂದಿನ ದಿನ ಕಾಡು, ನದಿ, ಟೆಂಟು ಎಲ್ಲವೂ ಲಾರಿ ಹತ್ತಿ ಮಾಲಿಗೆ ಹೋಗಿದ್ದವು. ಆದರೆ ಕೊನೆಗೆ ಬಂದ ಗೊಂಬೆ ಸಂಸಾರದ ಪೆಟ್ಟಿಗೆ ಬಿಚ್ಚಿ ನೋಡಿದರೆ ಅಪ್ಪ, ಅಮ್ಮ, ಮಗಳು ಮೂವರಿಗೂ ತಲೆಯಿರಲಿಲ್ಲ. ತಲೆಗಳು ಬೇರೆ ಪೆಟ್ಟಿಗೆಯಲ್ಲಿ ಕಸ್ಟಮ್ಸಿನಲ್ಲಿ ಕೂತಿದ್ದವು. "ನಾಳೆ ಸಂಜೆಯೊಳಗೆ ತಲೆ ಬರ್ತದಲ್ಲ?" ಎಂದು ಥಾಮಸ್ ಸಾರ್ ಕೇಳಿದ್ದರು. ಉತ್ತರ ಏನಾಗಿತ್ತೆಂದು ನಿಮಗೆ ಹೇಳಬೇಕಿಲ್ಲ. ಶುಕ್ರವಾರ ಕಸ್ಟಮ್ಸಿಗೆ ರಜೆ ಎಂಬುದು ಆತನಿಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಜಯಪಾಲಣ್ಣ ತಮ್ಮ ಕಾರನ್ನು ಹೆಂಡತಿಗೆ ಕೊಟ್ಟು ರೇಮಂಡನ ಕಾರಿನ ಮುಂದಿನ ಸೀಟಿನಲ್ಲಿ ಬಂದು ಕೂತರು. ದಾರಿ ತಪ್ಪಬಾರದಲ್ಲ. ಸುಸನ್ ಮಗಳ ಜೊತೆ ಹಿಂದಿನ ಸೀಟಿಗೆ ಹೋದಳು. ಹಿಂದಿನಿಂದ ಉಳಿದ ಕಾರುಗಳು ದಿಬ್ಬಣದ ಹಾಗೆ ಸಾಲು ಹಿಡಿದವು.

"ಇಲ್ಲಿ ಬಲಕ್ಕಾ?" ಜಯಪಾಲಣ್ಣ ಕೇಳಿದರು. ಕುತ್ತಿಗೆ ಆಡಿತು. ಬಲಕ್ಕೆ ಹೋದರು.

"ಈ ರೌಂಡ್‌ಅಬೌಟ್‌ನಲ್ಲಿ ಸೀದಾ ಅಲ್ವಾ?" ಆಡಿತು. ಸೀದಾ ಹೋದರು.

"ಟಾರು ಬಿಟ್ಟು ಒಳಗೆ ಹೋಗ್ಬೇಕು ಕಾಣ್ತದೆ?" ಅದಕ್ಕೂ ಆಡಿತು. ಕಾರುಗಳ ಸಾಲು ಟಾರು ಬಿಟ್ಟು ಕಲ್ಲುದಾರಿಗೆ ಇಳಿಯಿತು. ಹೀಗೆ ದಾರಿ ಗೊತ್ತಿಲ್ಲದ ಇಬ್ಬರು ಸೇರಿ, ಒಬ್ಬರು ಕೇಳುತ್ತ, ಇನ್ನೊಬ್ಬ ಒಪ್ಪುತ್ತ, ಇಡೀ ಕಟ್ಟಡವನ್ನು ಬೆಟ್ಟದೊಳಕ್ಕೆ ಕರೆದುಕೊಂಡು ಹೋದರು. ರೇಮಂಡ್ ಮನಸ್ಸಿನಲ್ಲೇ ಸಂತ ಅಂತೋನಿಯವರಿಗೆ ಒಂದು ಟಯರ್ ಪಂಕ್ಚರಿಗಾಗಿ ಹರಕೆ ಹೊತ್ತ. ಅವರು ಅಷ್ಟು ಸಣ್ಣ ಕೆಲಸಕ್ಕೆ ಕಿವಿಗೊಡಲಿಲ್ಲ.

ದಾರಿ ಮುಗಿದಲ್ಲಿ ಕಾರು ನಿಂತಿತು. ಸುತ್ತಲೂ ಕಂದು ಬಣ್ಣದ ಬೋಳು ಬೆಟ್ಟ. ನಡುವೆ ಒಣಗಿದ ಹಳ್ಳ. ಹಳ್ಳದ ಮೂಲೆಯಲ್ಲಿ ಬಂಡೆಯ ನೆರಳಲ್ಲಿ ಒಂದಿಷ್ಟು ನೀರು ನಿಂತಿತ್ತು. ಅದರ ಪಕ್ಕ ಒಂದು ಜಾಲಿ ಮರ. ಮರದ ಕೆಳಗೆ ಒಂದು ಆಡು. ಅದು ಇಷ್ಟು ಜನರನ್ನು ಒಟ್ಟಿಗೆ ನೋಡಿರಲಿಲ್ಲವೇನೋ, ಅಗಿಯುವುದನ್ನು ನಿಲ್ಲಿಸಿತು.

ಎಲ್ಲರೂ ಇಳಿದು ನಾಲ್ಕೂ ಕಡೆ ನೋಡಿದರು. ನಾರ್ಬರ್ಟ್ ಮಾಸ್ಟ್ರು ಆಡಿನ ಹತ್ತಿರ ಹೋಗಿ, ಜಾಲಿ ಮರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಹೇಳಿದರು: "ಇದು ಪೈನ್ ಅಲ್ಲ."

"ಎಲ್ಲಿ ಮಾರಾಯ ಕಾಡು?" ಎಂದರು ಜಯಪಾಲಣ್ಣ.

ಖಲಾಸ್, ಇನ್ನು ನಿಜ ಹೇಳಿಬಿಡಬೇಕು ಎಂದು ರೇಮಂಡ್ ಗಟ್ಟಿಮನಸ್ಸು ಮಾಡಿದ. ಬಾಯಿ ತೆರೆದ. "ಜಯಪಾಲಣ್ಣ, ಆ ಕಾಡು ಈಗ ಇಲ್ಲಿಲ್ಲ..." ಎಂದ. ಮುಂದಿನ ಮಾತು ಗಂಟಲಲ್ಲಿ ಇರುವಾಗಲೇ ಜಯಪಾಲಣ್ಣ ಹಣೆ ಬಡಿದುಕೊಂಡರು.

"ಎತ್ತಿಕೊಂಡು ಹೋಗಿದ್ದಾರಾ!"

"ಯಾರು?" ಎಂದರು ನಾರ್ಬರ್ಟ್ ಮಾಸ್ಟ್ರು.

"ಇನ್ಯಾರು, ಯಾವುದೋ ಕಂಪನಿಯವರು! ನೆನಪುಂಟಾ, ನಮ್ಮ ಮನೆ ಮುಂದಿನ ರೌಂಡ್‌ಅಬೌಟ್? ರಾತ್ರಿ ಮಲಗುವಾಗ ಇತ್ತು, ಬೆಳಿಗ್ಗೆ ಏಳುವಾಗ ಸಿಗ್ನಲ್ ಆಗಿತ್ತು. ರಸ್ತೆ ಬದಿಯ ಖರ್ಜೂರದ ಮರ, ಇವತ್ತು ಇಲ್ಲಿ, ನಾಳೆ ಅಲ್ಲಿ. ಬೇರು ಸಮೇತ ಎತ್ತಿ ಲಾರಿಗೆ ಹಾಕ್ತಾರೆ. ಈ ಕಾಡನ್ನೂ ಲಾರಿಗೆ ಹಾಕಿದ್ದಾರೆ, ಅಲ್ವಾ ರೇಮಂಡ್?"

ಈ ಸಲ ಕುತ್ತಿಗೆಯನ್ನು ದೂರುವಂತಿಲ್ಲ. ಜಯಪಾಲಣ್ಣ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಾಡನ್ನು ಲಾರಿಗೆ ಹತ್ತಿಸಿದವನು ರೇಮಂಡನೇ. ಆತ ನಿರಾಳವಾಗಿ ತಲೆಯಾಡಿಸಿದ.

ಕಾಡು ಹೋದ ದುಃಖದಲ್ಲಿ ಎಲ್ಲರೂ ಚಾಪೆ ಹಾಸಿ ಕೋರಿರೊಟ್ಟಿಗೆ ಕೂತರು. ರೊಟ್ಟಿ ಮುರಿಯುವ ಕರಕರ ಸದ್ದು ಬೆಟ್ಟಕ್ಕೆ ತಾಗಿ ವಾಪಸು ಬರುತ್ತಿತ್ತು. ಚಂದ್ರಮತಿಯಕ್ಕ ಸಾರು ಬಡಿಸುತ್ತ, ಮರಗಳನ್ನು ನೋಡಲಾಗಲಿಲ್ಲವಲ್ಲ ಎಂದು ಮರುಗಿದರು. ಜಯಪಾಲಣ್ಣ, ಒಂದು ವಾರ ಮೊದಲೇ ಹೇಳಿದ್ದರೆ ಲಾರಿಯ ಮುಂದೆ ಅಡ್ಡ ಮಲಗುತ್ತಿದ್ದೆ ಎಂದರು.

ಅಲಿಶಾ ಊಟಕ್ಕೆ ಬಂದಿರಲಿಲ್ಲ. ರೇಮಂಡ್ ಹುಡುಕಿಕೊಂಡು ಹೋದ. ಅವಳು ಬಂಡೆಯ ನೆರಳಲ್ಲಿ ಪಾದ ನೀರಿಗೆ ಬಿಟ್ಟು ಕೂತಿದ್ದಳು. ಬೆರಳುದ್ದದ ಮೀನುಗಳು ಬಂದು ಅವಳ ಕಾಲನ್ನು ಕಚ್ಚಿ ಕಚ್ಚಿ ಓಡುತ್ತಿದ್ದವು. ಅವಳು ಉಸಿರು ಬಿಗಿಹಿಡಿದು, ನಗುವನ್ನೂ ಬಿಗಿಹಿಡಿದು ಕೂತಿದ್ದಳು.

"ಡ್ಯಾಡಾ, ಡೋಂಟ್ ಮೂವ್. ದೇ ಆರ್ ರಿಯಲ್."

ರೇಮಂಡ್ ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಕೂತ. ಮೀನು ಅವನ ಕಾಲಿಗೂ ಬಂತು. ಎಷ್ಟೋ ಕಾಲದ ನಂತರ ಅವನನ್ನು ಯಾರೂ ಏನೂ ಕೇಳದ ಗಳಿಗೆ ಅದು. ಪೈನ್ ಮರ ಬೇಡ, ಹರಿಯುವ ನದಿಯೂ ಬೇಡ, ಈ ಕೊಡಪಾನದಷ್ಟು ನೀರು, ಈ ನೆರಳು, ಈ ಮಗು, ಇಷ್ಟು ಸಾಕು ಎಂದು ಅವನಿಗೆ ಅನಿಸಿತು. ಇದನ್ನು ಯಾಕೆ ಇಷ್ಟು ದಿನ ಮುಂದೆ ಹಾಕಿದೆ ಎಂದು ತನ್ನನ್ನೇ ಬೈದುಕೊಂಡ. ಎದ್ದು ಹೋಗಿ ಡಿಕ್ಕಿಯಿಂದ ಟೆಂಟು ತಂದ. ಅಪ್ಪ ಮಗಳು ಸೇರಿ ಪ್ಯಾಕೆಟ್ ಒಡೆದರು. ಹೊಸ ಬಟ್ಟೆಯ ವಾಸನೆ ಬಂತು. ಸುಸನ್ ಕೂಡ ಬಂದು ಕಂಬ ಹಿಡಿದಳು.

ಒಂದು ಕಂಬ ನಿಂತಿತ್ತು, ಅಷ್ಟೇ. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಜಯಪಾಲಣ್ಣ ಎಲ್ಲರನ್ನೂ ಎಬ್ಬಿಸುತ್ತಿದ್ದರು. "ಯಲ್ಲಾ, ಯಲ್ಲಾ! ಹೆಂಗಸರಿಗೆ ಬಾತ್‌ರೂಮಿಗೆ ಹೋಗ್ಬೇಕಂತೆ. ಕಾಡೂ ಇಲ್ಲ, ಮರೆಯೂ ಇಲ್ಲ, ಇಲ್ಲಿ ಕೂತು ಎಂತ ಮಾಡುದು?"

"ಜಯಪಾಲಣ್ಣ," ಎಂದ ರೇಮಂಡ್. ಅವನ ಮಟ್ಟಿಗೆ ಇದು ದೊಡ್ಡ ಭಾಷಣವೇ. "ನೀವು ಹೊರಡಿ. ನಾವು ಮೂರು ಜನ ಇವತ್ತು ಇಲ್ಲೇ ಮಲಗ್ತೇವೆ."

ಜಯಪಾಲಣ್ಣನ ಕಣ್ಣು ಒದ್ದೆಯಾಯಿತು. ಅವರದು ನಾಟಕವಲ್ಲ, ಮನುಷ್ಯ ನಿಜವಾಗಿ ಹಾಗೆಯೇ. "ಹೆಂಡತಿ, ಹೆಣ್ಣು ಮಗು, ಇವರನ್ನು ಇಟ್ಟುಕೊಂಡು ಈ ಕಲ್ಲುಬೆಟ್ಟದಲ್ಲಿ ಒಬ್ಬನೇ? ನಾನು ಮನೆಗೆ ಹೋಗಿ ಎಸಿ ಹಾಕಿ ಮಲಗುದಾ? ನನಗೆ ನಿದ್ರೆ ಬರ್ತದಾ ಮಾರಾಯ? ಊರಲ್ಲಿ ನಿನ್ನ ಅಪ್ಪನಿಗೆ ಎಂತ ಉತ್ತರ ಕೊಡ್ಲಿ? ಇಲ್ಲ ಇಲ್ಲ. ನೀನು ನಮ್ಮೊಟ್ಟಿಗೆ ವಾಪಸ್ ಬರ್ತೀ. ಬರ್ತೀಯಲ್ಲ?"

ರೇಮಂಡ್ ಹಲ್ಲು ಕಚ್ಚಿದ. ಭುಜವನ್ನು ಬಿಗಿಮಾಡಿದ. ಆದರೂ ಕುತ್ತಿಗೆ ಆಡಿತು.

ಅಲಿಶಾ ಅಳಲಿಲ್ಲ. ಕಂಬವನ್ನು ಮೆಲ್ಲಗೆ ಕಿತ್ತು, ಮಣ್ಣು ಒರೆಸಿ, ಪ್ಯಾಕೆಟ್ಟಿನೊಳಗೆ ಇಟ್ಟಳು. ಆ ಇಡುವಿಕೆ ನೋಡಿ ಸುಸನ್ ಮುಖ ಆಚೆ ತಿರುಗಿಸಿಕೊಂಡಳು. ಕಾರಿನಲ್ಲಿ ದಾರಿಯುದ್ದಕ್ಕೂ ಜಯಪಾಲಣ್ಣ ಒಬ್ಬರೇ ಮಾತಾಡಿದರು.

ಸಂಜೆಯಾಗುತ್ತಿತ್ತು. ಹತ್ತಾ ರಸ್ತೆಯಲ್ಲಿ ಒಂದು ಹೊಸ ಮಾಲ್ ಕಂಡಿತು. ಅದರ ಮೈತುಂಬ ದೀಪ.

"ಇಲ್ಲೇ ನಿಲ್ಲಿಸುವ. ಬಾತ್‌ರೂಮೂ ಆಯ್ತು, ಚಾ ಕೂಡ ಆಯ್ತು. ಆಗಬಹುದಲ್ಲ?" ಎಂದರು ಜಯಪಾಲಣ್ಣ.

'ಈ ಮಾಲ್ ಬೇಡ, ಈ ಭೂಮಿಯ ಮೇಲಿನ ಬೇರೆ ಯಾವ ಮಾಲ್ ಆದರೂ ಆಗಬಹುದು' ಎಂದು ರೇಮಂಡನ ಒಳಗಿನದೆಲ್ಲ ಕೂಗಿತು. ಹೊರಗೆ ಕುತ್ತಿಗೆ ಆಡಿತು.

ಒಳಗೆ ಕಾಲಿಡುತ್ತಿದ್ದಂತೆ ಎಲ್ಲರೂ ಕಲ್ಲಾಗಿ ನಿಂತರು. ನಡುಮಧ್ಯದಲ್ಲಿ, ಹಗ್ಗ ಕಟ್ಟಿದ ಆಚೆಗೆ, ಎತ್ತರೆತ್ತರದ ಪೈನ್ ಮರಗಳು. ನಡುವೆ ಜುಳುಜುಳು ನದಿ. ದಂಡೆಯಲ್ಲಿ ಹಳದಿ ಟೆಂಟು. ಚಂದ್ರಮತಿಯಕ್ಕ ಫೋನು ತೆಗೆದು ಫೋಟೋ ನೋಡಿದರು, ಕಾಡು ನೋಡಿದರು, ಮತ್ತೆ ಫೋಟೋ ನೋಡಿದರು. ಒಂದು ಎಲೆಯೂ ವ್ಯತ್ಯಾಸವಿರಲಿಲ್ಲ.

"ನಾನು ಹೇಳಲಿಲ್ವಾ?" ಜಯಪಾಲಣ್ಣನ ಗಂಟಲು ಮಾಲಿನ ಮೇಲಿನ ಮಹಡಿಯವರೆಗೆ ಹೋಯಿತು. "ನಾನು ಹೇಳಲಿಲ್ವಾ ಮಾಸ್ಟ್ರೇ, ಎತ್ತಿಕೊಂಡು ಹೋಗಿದ್ದಾರೆ ಅಂತ? ಇಗೋ, ಇಲ್ಲಿ ತಂದು ನೆಟ್ಟಿದ್ದಾರೆ! ನದಿ ಸಮೇತ!"

ನಾರ್ಬರ್ಟ್ ಮಾಸ್ಟ್ರು ಹಗ್ಗದ ಮೇಲಿಂದ ಕೈ ಚಾಚಿ ಒಂದು ಎಲೆ ಮುಟ್ಟಿದರು. "ಪ್ಲಾಸ್ಟಿಕ್ಕಿನ ಹಾಗೆ ಉಂಟಲ್ಲ?"

"ಬೇರು ಕಿತ್ತು ಎಸಿಯಲ್ಲಿ ಇಟ್ರೆ ನೀವೂ ಪ್ಲಾಸ್ಟಿಕ್ ಆಗ್ತೀರಿ!"

ಈ ಗಲಾಟೆಗೆ ಟೆಂಟಿನ ಹಿಂದಿನಿಂದ ಒಬ್ಬರು ತಲೆ ಹೊರಹಾಕಿದರು. ಥಾಮಸ್ ಸಾರ್. ಅವರ ಪಕ್ಕದಲ್ಲಿ ಬೆಡ್‌ಶೀಟು ಮುಚ್ಚಿದ ಮೂರು ಆಕೃತಿ. ಮೂರಕ್ಕೂ ಭುಜದ ಮೇಲೆ ಏನೂ ಇಲ್ಲ. ಬೆಳಿಗ್ಗೆಯಿಂದ ರೇಮಂಡನಿಗೆ ಫೋನು ಹಚ್ಚಿ ಹಚ್ಚಿ ಅವರ ಕಿವಿ ಕೆಂಪಾಗಿತ್ತು. ರೇಮಂಡನನ್ನು ಕಂಡು ಅವರು ಬಾಯಿ ತೆರೆದರು. ಆದರೆ ಅವರಿಗಿಂತ ಮೊದಲು ಜಯಪಾಲಣ್ಣ ಹಗ್ಗ ದಾಟಿದ್ದರು.

"ನೀವಾ ಇದರ ಮ್ಯಾನೇಜರ್? ಈ ಕಾಡು ಎಲ್ಲಿಂದ ತಂದದ್ದು ಅಂತ ನಮಗೆ ಗೊತ್ತುಂಟು ಸಾರ್! ಇದನ್ನು ಮೊದಲು ಕಂಡುಹಿಡಿದದ್ದು ನಮ್ಮ ರೇಮಂಡ್. ಹೋದ ಶುಕ್ರವಾರ ಹೆಂಡತಿ ಮಗುವಿನೊಟ್ಟಿಗೆ ಇದೇ ಮರದ ಕೆಳಗೆ ನಿಂತಿದ್ದಾನೆ. ಸಾಕ್ಷಿ ಬೇಕಾ? ಚಂದ್ರಾ, ಫೋನು ತೋರಿಸು! ಇಲ್ಲಿ ಒಂದು ಬೋರ್ಡು ಹಾಕಿ ಅವನ ಹೆಸರು ಬರೀಬೇಕು ನೀವು. ಅಷ್ಟು ನ್ಯಾಯ ಬೇಡ್ವಾ?"

ಥಾಮಸ್ ಸಾರ್ ಫೋನು ತೆಗೆದುಕೊಂಡರು. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಪೈನ್ ಮರದ ಹಿಂದೆ, ಗೋಡೆಗೆ ನೇತುಹಾಕಿದ ಕೆಂಪು ಬಕೆಟು ಕಾಣುತ್ತಿತ್ತು. ಬೆಂಕಿ ಬಿದ್ದರೆ ಇರಲಿ ಎಂದು ಮರಳು ತುಂಬಿಸಿಟ್ಟ, ಅಲ್ ಕೂಜ್ ಸ್ಟೋರಿನ ಬಕೆಟು. ಅದರ ಮೇಲೆ ಕಂಪನಿಯ ಹೆಸರು.

ರೇಮಂಡನಿಗೆ ಎಲ್ಲವೂ ಒಂದೇ ಸಲ ಕಾಣಿಸಿತು. ಕ್ಯಾನ್ಸಲ್ ಆದ ವೀಸಾ, ಖಾಲಿಯಾದ ಮನೆ, ಅಲಿಶಾಳ ಶಾಲೆಯ ಬಸ್ಸು ಅವಳನ್ನು ಬಿಟ್ಟು ಹೋಗುವುದು. ಕೈ ಜೋಡಿಸಿ ನಿಂತ. ಆದರೆ ಥಾಮಸ್ ಸಾರ್ ಬೈಯಲಿಲ್ಲ. ಅವರು ಫೋಟೋದಲ್ಲಿನ ಮೂವರನ್ನು ನೋಡಿದರು. ತಲೆಯಿಲ್ಲದ ಮೂವರನ್ನು ನೋಡಿದರು. ಎದುರಿಗೆ ನಿಂತ ಅಪ್ಪ, ಅಮ್ಮ, ಮಗಳನ್ನು ನೋಡಿದರು.

"ರೇಮಂಡ್," ಎಂದು ಕಿವಿಯ ಹತ್ತಿರ ಬಂದು ಹೇಳಿದರು, "ತಲೆ ಬರ್ತದೆ ಅಂತ ತಲೆಯಾಡಿಸಿದ್ದು ನೀನು. ಮಾಲಿನ ಮೇಡಂ ಲಿಫ್ಟಿನಲ್ಲಿ ಇಳೀತಾ ಇದ್ದಾರೆ. ಒಪ್ಪಂದದಲ್ಲಿ ಗೊಂಬೆ ಅಂತ ಉಂಟು, ಅವರಿಗೆ ಗೊಂಬೆಯೇ ಬೇಕು. ಫೋಟೋದ ವಿಷಯ ನಾನು ಮರೀಬೇಕಾದ್ರೆ ಹೋಗಿ ಬೆಂಕಿಯ ಮುಂದೆ ಕೂತುಕೋ. ಮೂವರೂ. ಕಣ್ಣು ಮಿಟುಕಿಸಬಾರದು. ಮುಖ್ಯವಾಗಿ ನೀನು, ಆ ತಲೆಯನ್ನು ಆಡಿಸಬಾರದು. ಆಡಿಸಿದ್ರೆ ಕೆಲಸ ಖಲಾಸ್."

ತಲೆಯಿಲ್ಲದವರು ಟೆಂಟಿನೊಳಗೆ ಹೋದರು, ತಲೆಯಿದ್ದವರು ಬಲ್ಬಿನ ಬೆಂಕಿಯ ಮುಂದೆ ಕೂತರು. ಸುಸನ್ ಕೈಯಲ್ಲಿ ಪ್ಲಾಸ್ಟಿಕ್ ಕೆಟಲ್ಲು. ಕೆಲಸಗಾರರು ಜಯಪಾಲಣ್ಣನನ್ನು ಹಗ್ಗದ ಆಚೆಗೆ ದಾಟಿಸಿದರು. "ನೋಡಿ, ನೋಡಿ, ಕಾಡಿನೊಟ್ಟಿಗೆ ನಮ್ಮವನನ್ನೂ ಇಟ್ಟುಕೊಂಡರು! ಎಂಥ ಮರ್ಯಾದೆ!" ಎಂದು ಅವರು ಆನಂದದಿಂದ ಕೂಗಿದರು. ಚಂದ್ರಮತಿಯಕ್ಕ ಅವರ ಬಾಯಿ ಮುಚ್ಚಿ ಚಾ ಕುಡಿಸಲು ಎಳೆದುಕೊಂಡು ಹೋದರು.

ಮಾಲಿನ ಮ್ಯಾನೇಜರ್ ಝುಲೈಖ ಮೇಡಂ ಬಂದರು. ಮರ ನೋಡಿದರು, ನದಿ ನೋಡಿದರು. ಬೆಂಕಿಯ ಮುಂದೆ ಬಂದು ನಿಂತುಬಿಟ್ಟರು.

"ಇದು ಬಹಳ ಚೆನ್ನಾಗಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಎಲ್ಲ ಕಡೆ ಅವೇ ಬಿಳಿ ಗೊಂಬೆಗಳನ್ನು ನೋಡಿ ಸಾಕಾಗಿತ್ತು. ಇವರು ನಮ್ಮ ಊರಿನ ಜನರ ಹಾಗೆಯೇ ಕಾಣುತ್ತಾರೆ. ಮುಖದಲ್ಲಿ ಆ ದಣಿವು ಎಷ್ಟು ಸಹಜವಾಗಿದೆ!"

ಅವರು ಎರಡು ಹೆಜ್ಜೆ ಹಿಂದೆ ಸರಿದು ಫೋನಿನಲ್ಲಿ ಫೋಟೋ ತೆಗೆಯತೊಡಗಿದರು. ನದಿಯ ಪಂಪು ಗುಂಯ್‌ಗುಡುತ್ತಿತ್ತು. ಆ ಸದ್ದಿನ ಮರೆಯಲ್ಲಿ, ತುಟಿ ಅಲುಗಿಸದೆ, ಅಲಿಶಾ ಪಿಸುಗುಟ್ಟಿದಳು.

"ಡ್ಯಾಡಾ, ಕ್ಯಾನ್ ವಿ ಗೋ ಬ್ಯಾಕ್ ಟು ದ ಫಿಶ್? ಓನ್ಲೀ ಅಸ್?"

ಎಷ್ಟು ಜನರಿಗೆ, ಎಷ್ಟು ಬೇಡದ ಮಾತಿಗೆ ಆಡಿದ ಕುತ್ತಿಗೆ ಅದು. ಈಗ ಆಡಬೇಕಿತ್ತು. ರೇಮಂಡನ ಇಡೀ ಜೀವ ಹೌದು ಮಗಳೇ, ಹೌದು ಎನ್ನುತ್ತಿತ್ತು. ಎದುರಿಗೆ ಮೇಡಂನ ಫೋನು, ಅದರ ಹಿಂದೆ ಥಾಮಸ್ ಸಾರ್‌ನ ಎರಡು ಕಣ್ಣು. ಜೀವನದಲ್ಲಿ ಮೊದಲ ಬಾರಿಗೆ ಆ ಕುತ್ತಿಗೆ ಮಿಸುಕಲಿಲ್ಲ.

ಅಲಿಶಾ ಕಣ್ಣಂಚಿನಲ್ಲೇ ಸ್ವಲ್ಪ ಹೊತ್ತು ಕಾದಳು. ಆಮೇಲೆ ದೃಷ್ಟಿಯನ್ನು ಬಲ್ಬಿನ ಬೆಂಕಿಯ ಮೇಲೆ ನೆಟ್ಟು, ನಿಜವಾದ ಗೊಂಬೆಯ ಹಾಗೆ ಕೂತುಬಿಟ್ಟಳು.

ಮೇಡಂ ಫೋನು ಕೆಳಗಿಳಿಸಿ ರೇಮಂಡನ ಮುಖದ ಹತ್ತಿರ ಬಗ್ಗಿದರು. "ಥಾಮಸ್, ಈ ಗೊಂಬೆಯ ಕಣ್ಣಿನಿಂದ ನೀರು ಬರುತ್ತಿದೆ!"

"ಒಳಗೆ ಪಂಪು ಇದೆ ಮೇಡಂ," ಎಂದರು ಥಾಮಸ್ ಸಾರ್. "ನದಿಗೆ ಇಟ್ಟಿರುವಂಥದ್ದೇ. ಸಣ್ಣದು."

"ಅದ್ಭುತ! ಹಾಗಾದರೆ ಬೇರೆ ಗೊಂಬೆ ಬೇಡವೇ ಬೇಡ. ಜನವರಿ ಮುಗಿಯುವ ತನಕ, ಜನ ತುಂಬುವ ಪ್ರತಿ ಶುಕ್ರವಾರ, ಶನಿವಾರ ಈ ಸಂಸಾರವೇ ಇಲ್ಲಿ ಕೂತಿರಬೇಕು. ಆಗುತ್ತದಲ್ಲ?"

ಥಾಮಸ್ ಸಾರ್ ತಲೆಯಾಡಿಸಿದರು.